ಸೊಟ್ಟ ಗಜ್ಜರಿ

ಯಂತ್ರಕ್ಕೆ ನೆಟ್ಟಗಿರುವುದೇ ಬೇಕು.
ಹದಿನೆಂಟು ಸೆಂಟಿಮೀಟರು, ಕವಲೊಡೆಯದ್ದು,
ಸೊಂಟ ಬಳುಕದ್ದು.
ಈ ಬಾಯಿಗೆ ಹಾಕಿದರೆ ಆ ಬಾಯಿಂದ
ಬೆತ್ತಲೆ ಬೀಳುತ್ತದೆ, ನಿಮಿಷಕ್ಕೆ ನಲವತ್ತು.
ಮುನ್ನೂರ ಹನ್ನೆರಡು ಮಕ್ಕಳ ಮಧ್ಯಾಹ್ನದೂಟಕ್ಕೆ
ಲೆಕ್ಕ ಹಾಕುವವಳು ನಾನು:
ಗ್ರಾಂ, ನಾರು, ಸುಣ್ಣದಂಶ, ಯೆನ್ನು.

ಶಿಮಾನೆಯ ಈ ಬೆಟ್ಟದೂರಿನ ಗಜ್ಜರಿಗೆ
ಇದೆಲ್ಲ ಯಾರೂ ಹೇಳಿಲ್ಲ.
ಕಲ್ಲು ಸಿಕ್ಕರೆ ಬಳಸಿಕೊಂಡು ಹೋಗುತ್ತದೆ,
ಎರಡು ಕಾಲು ಚಾಚಿ ಕೂರುತ್ತದೆ,
ಒಮ್ಮೊಮ್ಮೆ ಕಾಲ ಮೇಲೆ ಕಾಲು ಹಾಕಿಕೊಂಡು.
ಹಾಗಾಗಿ ನಮ್ಮದು ಹಡಗಿನಲ್ಲಿ ಬರುತ್ತಿತ್ತು,
ಒಬ್ಬಳೇ ತಾಯಿ ಹೆತ್ತಂತೆ, ರಟ್ಟಿನ ಪೆಟ್ಟಿಗೆಯಲ್ಲಿ.
ಕಿಟಕಿಯಾಚೆ ಇಸಾಬುರೊ ತನ್ನ ಬೆಳೆಯನ್ನು
ಕಾಡುಹಂದಿಗೆ ಬಿಟ್ಟು ಸಿಗರೇಟು ಸೇದುತ್ತಿದ್ದ.

ಸಭೆ ಕರೆದದ್ದು ನಾನೇ.
ಚಾಪೆಯ ಮೇಲೆ ಹನ್ನೊಂದು ಜನ,
ಹನ್ನೊಂದು ಲೋಟ ಚಹಾ, ಮಾತಿಲ್ಲ.
ಪುರಸಭೆಯ ನೊಸಾಕ ಗಂಟಲು ಸರಿಮಾಡಿಕೊಂಡು
"ಯಂತ್ರದ ಸಾಲ ಇನ್ನೂ ಆರು ವರ್ಷ ಇದೆ" ಎಂದ.
ಯಾರೋ ಹೊಸ ತಳಿ ಎಂದರು.
ಯಾರೋ, ಬೆಟ್ಟವನ್ನೇ ಜರಡಿ ಹಿಡಿಯಬೇಕು ಎಂದರು.
ನಕ್ಕರು, ನಿಲ್ಲಿಸಿದರು.
ಮೂಲೆಯಲ್ಲಿ ಸೆತ್ಸು, ಎಂಬತ್ತಕ್ಕೆ ಒಂದು ಕಡಿಮೆ,
ಗಜ್ಜರಿಯ ಮಾತನ್ನೇ ಎತ್ತಲಿಲ್ಲ.
"ಎಷ್ಟು ಹೊತ್ತಿಗೆ ಬೇಕು ನಿಮಗೆ?"
ಎಂಟಕ್ಕೆ, ಎಂದೆ.
"ನನಗೆ ನಾಲ್ಕಕ್ಕೇ ಎಚ್ಚರ. ಸುಮ್ಮನೆ
ಸೂರು ನೋಡುತ್ತ ಮಲಗಿರುತ್ತೇನೆ.
ಒಂದು ಕುರ್ಚಿ ಹಾಕಿಸಿ. ಎತ್ತರದ್ದು.
ಮಂಡಿ ಬಗ್ಗುವುದಿಲ್ಲ."

ಅಷ್ಟೇ ಒಪ್ಪಂದ.
ಕಾಗದ ಆಮೇಲೆ ಬಂತು, ಮೊಹರು ಅದಕ್ಕೂ ಆಮೇಲೆ.

ಮೊದಲ ದಿನ ಒಂದು ಕುರ್ಚಿ. ಈಗ ಒಂಬತ್ತು.
ಕ್ಷೌರದ ಕುವಾಬಾರ ಸಿಪ್ಪೆಯನ್ನು
ಒಂದೇ ಎಳೆಯಲ್ಲಿ ಇಳಿಸುತ್ತಾನೆ.
ಊರಿಗೆ ಬಸ್ಸು ನಿಂತ ಮೇಲೆ ಮನೆಯಲ್ಲೇ ಉಳಿದ
ಡ್ರೈವರ್ ಮೊರಿವಾಕಿ ಗಜ್ಜರಿಯನ್ನು
ತಿರುವಿನಲ್ಲಿ ಸ್ಟೇರಿಂಗ್ ಹಿಡಿದಂತೆ ತಿರುಗಿಸುತ್ತಾನೆ.
ಎಲ್ಲರ ಕೈ ಮುಂದಕ್ಕೆ ಚಾಚಿಸಿ ನಾನು
ಉಗುರು ನೋಡುತ್ತೇನೆ, ಒಂದನೇ ಕ್ಲಾಸಿನ ಟೀಚರಿನಂತೆ.

ಜಗಳವೇ ಇಲ್ಲ ಎಂದಲ್ಲ.
ನವೆಂಬರಿನಲ್ಲಿ, ತಕ್ಕಡಿಯ ಮುಂದೆ,
"ಮಣ್ಣನ್ನೂ ತೂಗಿಸಿದ್ದೀಯ" ಎಂದೆ ಇಸಾಬುರೊಗೆ.
"ಅದೂ ಈ ಊರಿನದ್ದೇ" ಎಂದ.
ನಾಲ್ಕು ದಿನ ಮುಖ ಕೊಡಲಿಲ್ಲ.
ಐದನೆಯ ದಿನ ತೊಳೆದು ತಂದ,
ಹಳ್ಳದ ನೀರಲ್ಲಿ; ಬೆರಳೆಲ್ಲ ಬೀಟ್‌ರೂಟಿನ ಬಣ್ಣ.
ಕಿಲೋಗೆ ಮೂರು ಯೆನ್ನು ಏರಿಸಿದೆ,
"ನೀರಿನ ಚಳಿಗೆ" ಎಂದು ಬಿಲ್ಲಿನಲ್ಲಿ ಬರೆದೆ.
ನೊಸಾಕ ಕಣ್ಣು ಮುಚ್ಚಿ ಮೊಹರೊತ್ತಿದ.

ಜನವರಿಯಲ್ಲಿ ನೆಲ ಕಲ್ಲಾಯಿತು.
ಗಜ್ಜರಿ ಒಳಗೇ ಉಳಿಯಿತು,
ಸಿಕ್ಕಿದ್ದು ಅಟ್ಟದ ಮೂಲಂಗಿ ಮಾತ್ರ.
ಕೊಟ್ಟ ಮಾತು ಎರಡೂ ಕಡೆಯದು:
ನೆಲ ಕೊಟ್ಟದ್ದನ್ನು ನೀವು ತನ್ನಿ,
ತಂದದ್ದನ್ನು ನಾವು ಬೇಯಿಸುತ್ತೇವೆ.
ಬೇಯಿಸಿದೆವು. ಹನ್ನೊಂದು ದಿನ.
ಮಿಸೊ ಸಾರಿನಲ್ಲಿ ಮೂಲಂಗಿ, ಮೀನಿನ ಜೊತೆ ಮೂಲಂಗಿ,
ತುರಿದದ್ದು, ಒಣಗಿಸಿದ್ದು, ಹುಳಿ ಹಾಕಿದ್ದು.
ಮೂರನೇ ಕ್ಲಾಸಿನವರು ಕಪ್ಪುಹಲಗೆಯ ಮೇಲೆ
ಮೂಲಂಗಿಗೊಂದು ಸಮಾಧಿ ಬರೆದರು, ಹೂವಿನ ಸಮೇತ.
ಒಬ್ಬ ತಾಯಿ ಫೋನು ಮಾಡಿ
ಆ ಹಡಗೇ ವಾಸಿಯಾಗಿತ್ತು ಎಂದಳು.
ಆ ರಾತ್ರಿ ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ.

ಯಂತ್ರ ಈಗ ಗೋಡೆ ಬದಿಗಿದೆ, ಹೊದಿಕೆ ಹೊದ್ದು.
ಅದರ ಮೇಲೆ ಹಾಜರಿ ಪುಸ್ತಕ, ಸೆತ್ಸುವಿನ ಕನ್ನಡಕ.
ಸಾಲದ ಕಂತು ತಪ್ಪಿಲ್ಲ.

ಮಧ್ಯಾಹ್ನ ತಟ್ಟೆಗಳು ಮರಳುತ್ತವೆ.
"ಇವತ್ತಿಂದು ಯಾರ ಹೊಲದ್ದು?" ಎಂದು
ಕಿಟಕಿಯಲ್ಲಿ ತಲೆಗಳು ತೂರುತ್ತವೆ.
ಕೊಹಾರುವಿನ ತಟ್ಟೆಯನ್ನು ನಾನು ನೋಡಿದ ಕೂಡಲೇ ಹೇಳಬಲ್ಲೆ:
ಅನ್ನ ಖಾಲಿ, ಮೀನು ಖಾಲಿ,
ಅಂಚಿನಲ್ಲಿ ಎಣಿಸಿಟ್ಟಂತೆ
ಏಳು ತುಂಡು ಗಜ್ಜರಿ.
ಇಸಾಬುರೊನ ಮರಿಮಗಳು.

ತಡೆಯಲಾರದೆ ಅವನಿಗೆ ಹೇಳಿಬಿಟ್ಟೆ.
ಗುದ್ದಲಿ ನೆಲಕ್ಕೂರಿ ಬಹಳ ಹೊತ್ತು ನಿಂತ.
"ಅವಳ ವಯಸ್ಸಿನಲ್ಲಿ ನಾನೂ ಮುಟ್ಟುತ್ತಿರಲಿಲ್ಲ" ಎಂದ.
"ನಾಳೆ ಎಂಟು ಹಾಕಿ ನೋಡಿ."